ಮಾರ್ಗನ್ ಡಾಲರ್: ದಯವಿಟ್ಟು ತಿಕ್ಕಬೇಡಿ

1878ರಿಂದ 1904ರವರೆಗೆ, ಮತ್ತೆ 1921ರಲ್ಲಿ ಅಮೆರಿಕದ ಟಂಕಸಾಲೆಗಳಲ್ಲಿ ಅಚ್ಚಾದ ಬೆಳ್ಳಿ ನಾಣ್ಯವಿದು. ವಿನ್ಯಾಸ ಮಾಡಿದ ಜಾರ್ಜ್ ಟಿ. ಮಾರ್ಗನ್ ಅವರ ಹೆಸರೇ ಇದಕ್ಕೆ ಬಂದಿದೆ. ಒಂದು ಮುಖದಲ್ಲಿ ಸ್ವಾತಂತ್ರ್ಯದೇವಿ, ಇನ್ನೊಂದರಲ್ಲಿ ರೆಕ್ಕೆ ಬಿಚ್ಚಿದ ಹದ್ದು. ತೂಕ 26.73 ಗ್ರಾಂ, ಅದರಲ್ಲಿ ಶೇ. 90 ಬೆಳ್ಳಿ, ಉಳಿದದ್ದು ತಾಮ್ರ.

ತಪ್ಪು ಕಲ್ಪನೆ: ನೂರು ವರ್ಷ ಹಳೆಯದು, ಲಕ್ಷಗಟ್ಟಲೆ ಬೆಲೆ ಬಾಳುತ್ತದೆ.

ವಾಸ್ತವ: 1921ರಲ್ಲಿ ಫಿಲಡೆಲ್ಫಿಯಾ ಒಂದರಲ್ಲೇ 4 ಕೋಟಿ 46 ಲಕ್ಷಕ್ಕೂ ಹೆಚ್ಚು ಅಚ್ಚಾದವು. ಸವೆದ ಅಂಥ ನಾಣ್ಯಕ್ಕೆ ಬೆಳ್ಳಿಯ ಬೆಲೆಗಿಂತ ತುಸು ಹೆಚ್ಚು ಸಿಕ್ಕೀತು, ಅಷ್ಟೇ. ಸ್ಯಾನ್ ಫ್ರಾನ್ಸಿಸ್ಕೊದ 1893ರ ನಾಣ್ಯದ ಮಾತೇ ಬೇರೆ. ಅಚ್ಚಾದದ್ದು ಒಂದೇ ಲಕ್ಷ; ಸವೆದಿದ್ದರೂ ಸಾವಿರಾರು ಡಾಲರ್. ಹದ್ದಿನ ಕೆಳಗಿನ ಮಾಲೆಯ ಬುಡದಲ್ಲಿ 'ಎಸ್' ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡಬೇಕು. ಅಕ್ಷರವೇ ಇಲ್ಲದಿದ್ದರೆ ನಕಲಿ ಎಂದುಕೊಳ್ಳಬೇಡಿ, ಫಿಲಡೆಲ್ಫಿಯಾದ ನಾಣ್ಯಗಳಿಗೆ ಗುರುತು ಇರುತ್ತಿರಲಿಲ್ಲ.

ತಪ್ಪು ಕಲ್ಪನೆ: ಎಷ್ಟು ಅಚ್ಚಾಯಿತೆಂದು ತಿಳಿದರೆ ಎಷ್ಟು ಅಪರೂಪವೆಂದೂ ತಿಳಿಯುತ್ತದೆ.

ವಾಸ್ತವ: ಎಷ್ಟು ಉಳಿದಿವೆ ಎಂಬುದೇ ಮುಖ್ಯ. 1918ರ ಪಿಟ್‌ಮನ್ ಕಾಯ್ದೆಯಡಿ 27 ಕೋಟಿ ಬೆಳ್ಳಿ ಡಾಲರ್‌ಗಳನ್ನು ಕರಗಿಸಲಾಯಿತು. ಆ ಬೆಳ್ಳಿಯ ಬಹುಪಾಲನ್ನು ಬ್ರಿಟನ್ ಕೊಂಡದ್ದು ನಮ್ಮ ದೇಶಕ್ಕಾಗಿ. ಮಹಾಯುದ್ಧದ ಆ ದಿನಗಳಲ್ಲಿ ಜನ ನೋಟು ಕೊಟ್ಟು ಬೆಳ್ಳಿ ರೂಪಾಯಿ ಕೇಳುತ್ತಿದ್ದರು, ಸರ್ಕಾರದ ಬಳಿ ಬೆಳ್ಳಿ ಸಾಲುತ್ತಿರಲಿಲ್ಲ. ಐದನೇ ಜಾರ್ಜ್‌ನ ಮುಖವಿರುವ ರೂಪಾಯಿ ನಮ್ಮಲ್ಲಿ ಅನೇಕರ ಮನೆಯಲ್ಲಿದೆ. ಆ ಕಾಲದ ಕೆಲವು ರೂಪಾಯಿಗಳಲ್ಲಿ ಮಾರ್ಗನ್ ಡಾಲರಿನ ಬೆಳ್ಳಿಯೇ ಇದ್ದೀತು.

ಇದಕ್ಕೆ ತದ್ವಿರುದ್ಧವಾದದ್ದೂ ನಡೆದಿದೆ. ನ್ಯೂ ಆರ್ಲಿಯನ್ಸ್‌ನ 1903ರ ನಾಣ್ಯ ಬಲು ಅಪರೂಪವೆಂದು ಸಂಗ್ರಾಹಕರು ನಂಬಿದ್ದರು. 1962ರಲ್ಲಿ ಖಜಾನೆಯಿಂದ ಅದರ ಚೀಲಗಟ್ಟಲೆ ನಾಣ್ಯಗಳು ಹೊರಬಂದವು, ಬೆಲೆ ಕುಸಿದುಬಿತ್ತು.

ತಪ್ಪು ಕಲ್ಪನೆ: ತಿಕ್ಕಿ ಫಳಫಳ ಮಾಡಿದರೆ ಬೆಲೆ ಏರುತ್ತದೆ.

ವಾಸ್ತವ: ನಾಣ್ಯಗಳಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ದೇವರ ಮನೆಯ ಬೆಳ್ಳಿ ದೀಪಕ್ಕೆ ವಿಭೂತಿ ಸರಿ, ನಾಣ್ಯಕ್ಕಲ್ಲ. ಹೊಸ ನಾಣ್ಯವನ್ನು ಬೆಳಕಿನಡಿ ಓರೆಯಾಗಿಸಿ ತಿರುಗಿಸಿದರೆ ಬೆಳಕಿನ ಪಟ್ಟಿಗಳು ಚಕ್ರದ ಕಡ್ಡಿಗಳಂತೆ ಸುತ್ತುತ್ತವೆ. ಅಚ್ಚೊತ್ತುವಾಗ ಲೋಹ ಹರಿದು ಮೂಡಿದ ಅತಿ ಸೂಕ್ಷ್ಮ ಗೆರೆಗಳಿಂದ ಬರುವ ಹೊಳಪು ಅದು. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಆ ಗೆರೆಗಳು ಅಳಿದು ಗೀರುಗಳು ಉಳಿಯುತ್ತವೆ. ಮತ್ತೆ ಸರಿಪಡಿಸಲು ಆಗುವುದಿಲ್ಲ. ಕಪ್ಪಾಗಿದ್ದರೆ ಹಾಗೇ ಇರಲಿ.

ತಪ್ಪು ಕಲ್ಪನೆ: ಅಯಸ್ಕಾಂತಕ್ಕೆ ಅಂಟದಿದ್ದರೆ ಅಸಲಿ.

ವಾಸ್ತವ: ತಾಮ್ರ, ಹಿತ್ತಾಳೆಯ ನಕಲಿಗಳೂ ಅಂಟುವುದಿಲ್ಲ. ತೂಕ ನೋಡಿ, 38.1 ಮಿಲಿಮೀಟರ್ ವ್ಯಾಸ ಅಳೆಯಿರಿ. ದುಬಾರಿ ನಾಣ್ಯವಾದರೆ ತಜ್ಞರ ಪರೀಕ್ಷೆಯೇ ಆಗಬೇಕು.

ನಾಣ್ಯವನ್ನು ಅಂಚಿನಲ್ಲೇ ಹಿಡಿಯಿರಿ. ಮೆತ್ತನೆಯ ಪಿವಿಸಿ ಲಕೋಟೆಯಲ್ಲಿ ಇಡಬೇಡಿ, ವರ್ಷಗಳು ಕಳೆದಂತೆ ಹಸಿರು ಜಿಡ್ಡು ಮೆತ್ತಿಕೊಳ್ಳುತ್ತದೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ತೇವವಿಲ್ಲದ ಕಪಾಟು, ಜೊತೆಗೊಂದು ಸಿಲಿಕಾ ಜೆಲ್ ಪೊಟ್ಟಣ ಇದ್ದರೆ ಸಾಕು.