ದಾರಿಯ ಲೆಕ್ಕ: ಮೊಬೈಲ್ ನಕ್ಷೆ ಮತ್ತು ನಮ್ಮ ಆರೋಗ್ಯ

ಮಹಾನಗರಗಳಲ್ಲಿ ನೆಲೆಸಿರುವ ನಮ್ಮವರ ದಿನಚರಿಯನ್ನು ಗಮನಿಸಿದರೆ, ನಡಿಗೆಯೆಂಬುದು ಮನೆಯಿಂದ ವಾಹನದವರೆಗೆ, ವಾಹನದಿಂದ ಕಚೇರಿಯ ಮೇಜಿನವರೆಗೆ ಮಾತ್ರ ಉಳಿದಿದೆ. ಊರಿನಲ್ಲಿ ಶಾಲೆಗೆ, ಸಂತೆಗೆ, ಜಾತ್ರೆಗೆ ಮೈಲಿಗಟ್ಟಲೆ ನಡೆದವರೇ ನಾವು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಸಾಧಾರಣ ಶ್ರಮದ ವ್ಯಾಯಾಮವನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಬಿರುಸಾಗಿ ನಡೆದರೆ ಕನಿಷ್ಠ ಲೆಕ್ಕವು ಸರಿಹೋಗುತ್ತದೆ. ರಜೆಯ ದಿನದಲ್ಲಿ ಸೈಕಲ್ ಸವಾರಿಯನ್ನೋ ಬೆಟ್ಟದ ನಡಿಗೆಯನ್ನೋ ಕೂಡಿಸಿಕೊಂಡರೆ ಅದು ಆರೋಗ್ಯದ ಉಳಿತಾಯ ಖಾತೆಗೆ ಬಿದ್ದ ಜಮೆ.

ವರ್ಗಾವಣೆಯಾಗಿ ಬಂದವರಿಗೆ ಪರಸ್ಥಳದ ದಾರಿಗಳು ತಿಳಿಯವು. ಈ ಕೊರತೆಯನ್ನು ಇಂದು ಮೊಬೈಲ್ ಆ್ಯಪ್‌ಗಳು ಬಹುಮಟ್ಟಿಗೆ ನೀಗಿಸಿವೆ. ಗೂಗಲ್ ಮ್ಯಾಪ್ಸ್ ಎಲ್ಲರಿಗೂ ಪರಿಚಿತ. ಕೊಮೂಟ್, ಸ್ಟ್ರಾವಾ ಮುಂತಾದವು ನಡೆಯುವವರಿಗೂ ಸೈಕಲ್ ಸವಾರರಿಗೂ ಮಾರ್ಗವನ್ನು ಮುಂಚಿತವಾಗಿ ರೂಪಿಸಿಕೊಳ್ಳಲು ನೆರವಾಗುತ್ತವೆ. 2004ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯನ್ನು ಜಗತ್ತಿನ ಸ್ವಯಂಸೇವಕರೇ ಬೆಳೆಸುತ್ತಿದ್ದಾರೆ. ಇಂಥ ಅನೇಕ ಆ್ಯಪ್‌ಗಳಿಗೆ ಅದೇ ಆಧಾರ.

ನಕ್ಷೆಗೂ ನಮ್ಮ ಈ ವಿದರ್ಭಕ್ಕೂ ಹಳೆಯ ನಂಟಿದೆ. 1802ರಲ್ಲಿ ಮದರಾಸಿನಲ್ಲಿ ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣವನ್ನು ಆರಂಭಿಸಿ, ಬೆಂಗಳೂರಿನ ಬಳಿಯೂ ಆಧಾರರೇಖೆಯನ್ನು ಅಳೆಸಿದ ವಿಲಿಯಂ ಲ್ಯಾಂಬ್ಟನ್, ಉತ್ತರಕ್ಕೆ ಸಾಗುತ್ತ 1823ರಲ್ಲಿ ಇಲ್ಲಿಗೆ ಸಮೀಪದ ಹಿಂಗಣಘಾಟ್‌ನಲ್ಲಿ ತೀರಿಕೊಂಡರು. ಅಂದು ಸರಪಳಿಯಿಂದಲೂ ಥಿಯೊಡೊಲೈಟ್ ಯಂತ್ರದಿಂದಲೂ ವರ್ಷಗಟ್ಟಲೆ ಅಳೆದ ನೆಲದ ನಕ್ಷೆಯು ಇಂದು ನಮ್ಮ ಅಂಗೈಯಲ್ಲಿದೆ.

ಯಂತ್ರ ಕಾಣದ ಸಂಗತಿ

ಆದರೆ ಆ್ಯಪ್ ತೋರಿದ ದಾರಿಯನ್ನು ಕಣ್ಣುಮುಚ್ಚಿ ಅನುಸರಿಸುವುದು ಉಚಿತವಲ್ಲ. ನಾಗಪುರದ ಪೂರ್ವಭಾಗದ ನಮ್ಮ ಕಳಮನಾವನ್ನೇ ನೋಡೋಣ. ಇಲ್ಲಿಂದ ಪಶ್ಚಿಮದ ಫುಟಾಳಾ ಕೆರೆ, ಸೆಮಿನರಿ ಹಿಲ್ಸ್‌ಗಳ ತಂಪು ದಾರಿಗೆ ಸುಮಾರು ಹನ್ನೊಂದು ಕಿಲೋಮೀಟರು. ಸೈಕಲ್ಲಿಗೆ ಒಳ್ಳೆಯ ಗುರಿ. ಆ್ಯಪ್ ಅತಿ ಹತ್ತಿರದ ದಾರಿಯನ್ನು ತೋರಬಹುದು. ಆದರೆ ಕೃಷಿ ಮಾರುಕಟ್ಟೆಗೆ ಕಿತ್ತಳೆ, ಮೆಣಸಿನಕಾಯಿ, ಧಾನ್ಯಗಳನ್ನು ಹೊತ್ತ ಲಾರಿಗಳು ನಸುಕಿನಲ್ಲಿ ಎಲ್ಲಿ ತಿರುಗುತ್ತವೆ ಎಂಬುದನ್ನು ಆ ಬೀದಿಯವರೇ ಬಲ್ಲರು. ಎರಡು ಕಿಲೋಮೀಟರು ಸುತ್ತಾದರೂ ಲಾರಿಯಿಲ್ಲದ ದಾರಿಯೇ ಲೇಸು. ಗೂಗಲ್ ಮ್ಯಾಪ್ಸ್‌ನಲ್ಲಿ ಕಾಣುವ ದ್ವಿಚಕ್ರ ವಾಹನದ ಚಿಹ್ನೆಯು ಮೋಟಾರು ಸೈಕಲ್ಲಿಗೆ ಸಂಬಂಧಿಸಿದ್ದೇ ಹೊರತು ತುಳಿಯುವ ಸೈಕಲ್ಲಿಗಲ್ಲ ಎಂಬುದನ್ನೂ ಮರೆಯಬಾರದು.

ದೂರದಷ್ಟೇ ಏರೂ ಮುಖ್ಯ. ಕಾಮಠಿ, ಮನಸರ ಮಾರ್ಗವಾಗಿ ರಾಮಟೇಕಿಗೆ ಹೋಗುವ ಸುಮಾರು ಐವತ್ತು ಕಿಲೋಮೀಟರು ಬಹುತೇಕ ಸಮತಟ್ಟು. ಶ್ರಮವಿರುವುದು ಕೊನೆಯ ಗುಡ್ಡದಲ್ಲಿ. ರಜೆಗೆ ಊರಿಗೆ ಹೋದಾಗ ಕುಕ್ಕೆಯಿಂದ 1712 ಮೀಟರು ಎತ್ತರದ ಕುಮಾರ ಪರ್ವತವನ್ನು ಹತ್ತುವವರು ಒಂದೂವರೆ ಸಾವಿರ ಮೀಟರಿಗೂ ಮಿಕ್ಕಿ ಏರಬೇಕು. ಆ್ಯಪ್‌ನಲ್ಲಿರುವ ಏರಿಳಿತದ ರೇಖಾಚಿತ್ರವನ್ನು ಮೊದಲೇ ನೋಡಿದರೆ ಮಂಡಿಗೂ ಹೃದಯಕ್ಕೂ ಬೀಳುವ ಹೊರೆಯ ಅಂದಾಜು ಸಿಗುತ್ತದೆ. ಹೃದ್ರೋಗ, ರಕ್ತದೊತ್ತಡ, ಮಧುಮೇಹವುಳ್ಳವರು ವೈದ್ಯರ ಸಲಹೆ ಪಡೆದೇ ಹೊರಡಬೇಕು. ಅರಣ್ಯ ಚಾರಣಗಳಿಗೆ ಇಲಾಖೆಯ ಅನುಮತಿಯನ್ನೂ ವಿಚಾರಿಸಿಕೊಳ್ಳಬೇಕು; ನಕ್ಷೆಯಲ್ಲಿ ಹಾದಿ ಕಂಡಮಾತ್ರಕ್ಕೆ ಪ್ರವೇಶವಿದೆ ಎಂದರ್ಥವಲ್ಲ.

ಬಿಸಿಲಿನ ಬಾಕಿ

ನಾಗಪುರದಲ್ಲಿ ಮೇ ತಿಂಗಳ ಉಷ್ಣತೆ 45 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಕಡೆಯ ವಾರದ ‘ನವತಪಾ’ದ ದಿನಗಳನ್ನು ಇಲ್ಲಿ ಬಾಳಿದವರು ಮರೆಯಲಾರರು. ಇಂಥ ಬಿಸಿಲಿನಲ್ಲಿ ಮುಖ್ಯವಾಗಿ ಬೆವರಿನ ಮೂಲಕ ದೇಹವು ತನ್ನ ಕಾವನ್ನು ಹೊರಹಾಕುತ್ತದೆ. ನೀರು, ಲವಣಗಳು ಮುಗಿಯುತ್ತ ಬಂದಾಗ ತಲೆಸುತ್ತು, ವಾಕರಿಕೆ, ಸ್ನಾಯುಸೆಳೆತ ಕಾಣಿಸಿಕೊಳ್ಳುತ್ತವೆ. ಮಾತು ತೊದಲಿದರೆ, ಗೊಂದಲ ಉಂಟಾದರೆ, ಪ್ರಜ್ಞೆ ತಪ್ಪಿದರೆ ಅದು ಪ್ರಾಣಾಪಾಯದ ಸೂಚನೆ. ಅಂಥವರನ್ನು ಕೂಡಲೆ ನೆರಳಿಗೆ ಕರೆದೊಯ್ದು, ಮೈಗೆ ನೀರು ಹಾಕಿ, ಗಾಳಿ ಬೀಸಿ, ವೈದ್ಯಕೀಯ ನೆರವನ್ನು ಕರೆಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಬೇಸಿಗೆಯಲ್ಲಿ ಸೂರ್ಯೋದಯಕ್ಕೆ ಹೊರಟು ಬಿಸಿಲೇರುವ ಮೊದಲೇ ಮನೆ ಸೇರುವಂತೆ ಸವಾರಿಯನ್ನು ಮೊಟಕುಗೊಳಿಸುವುದೇ ಜಾಣತನ.

ಹೊರಡುವ ಮುನ್ನ ಪಾಲಿಸತಕ್ಕ ನಿಯಮಗಳು

1. ಹಿಂದಿನ ರಾತ್ರಿಯೇ ಮಾರ್ಗವನ್ನು ಗುರುತಿಸಿ, ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿರಿ. ಉಪಗ್ರಹದಿಂದ ಸ್ಥಾನ ತಿಳಿಯಲು ಮೊಬೈಲ್ ಸಂಪರ್ಕ ಬೇಡ. ನಕ್ಷೆ ಮಾತ್ರ ಕೈಯಲ್ಲಿರಬೇಕು.

2. ನೀರು ದೊರೆಯುವ ತಾಣಗಳನ್ನೂ ಹಿಂದಿರುಗಬೇಕಾದ ವೇಳೆಯನ್ನೂ ಬರೆದಿಟ್ಟುಕೊಳ್ಳಿರಿ. ಹೋಗುವಾಗ ಶಕ್ತಿಯ ಅರ್ಧವನ್ನೂ ಖರ್ಚು ಮಾಡಬಾರದು; ಮರುದಾರಿಯಲ್ಲಿ ಬಿಸಿಲೂ ಎದುರುಗಾಳಿಯೂ ಬಡ್ಡಿಯಂತೆ ಕೂಡಿಕೊಳ್ಳುತ್ತವೆ.

3. ಮನೆಯವರಿಗೆ ಮಾರ್ಗವನ್ನು ತಿಳಿಸಿ, ಫೋನಿನ ಮೂಲಕ ಸ್ಥಾನವನ್ನು ಅವರೊಡನೆ ಹಂಚಿಕೊಳ್ಳಿರಿ. ತುರ್ತು ಕರೆಯ ಸಂಖ್ಯೆ 112.

4. ಆ್ಯಪ್‌ನ ದಾಖಲೆ ಸಾರ್ವಜನಿಕವಾದರೆ ಮನೆಯ ವಿಳಾಸವೂ ಪರರಿಗೆ ತಿಳಿದೀತು. ಸ್ಟ್ರಾವಾ ಪ್ರಕಟಿಸಿದ್ದ ಜಾಗತಿಕ ನಕ್ಷೆಯಿಂದ ಸೇನಾನೆಲೆಗಳೇ ಬಯಲಾದ ಸಂಗತಿ 2018ರಲ್ಲಿ ಸುದ್ದಿಯಾಗಿತ್ತು. ಆರಂಭದ ಮತ್ತು ಅಂತ್ಯದ ಸ್ಥಳಗಳನ್ನು ಮರೆಮಾಡುವ ಸೌಲಭ್ಯವನ್ನು ಬಳಸಿರಿ.

5. ಸವಾರಿಯ ನಡುವೆ ಫೋನನ್ನು ನೋಡಬೇಕಾದರೆ ನಿಂತು ನೋಡಿರಿ. ಅನ್ಯರ ವೇಗದೊಡನೆ ಸ್ಪರ್ಧೆ ಬೇಡ.

ಪರಸ್ಥಳವು ನಮ್ಮದಾಗುವುದು ಅದರ ಬೀದಿಗಳಲ್ಲಿ ಕಾಲಾಡಿಸಿದಾಗ. ನಮ್ಮ ಸಂಘದ ಬಾಂಧವರು ಕುಟುಂಬಸಮೇತರಾಗಿ ಚಳಿಗಾಲದ ಒಂದು ಭಾನುವಾರ ಐದಾರು ಕಿಲೋಮೀಟರಿನ ಸುಲಭ ಮಾರ್ಗವನ್ನು ಗೊತ್ತುಮಾಡಿಕೊಂಡು ಹೊರಡಲಿ. ದಾರಿಯನ್ನು ಆ್ಯಪ್ ತೋರಿಸಲಿ. ಎಷ್ಟು ನಡೆಯಬೇಕು, ಎಲ್ಲಿ ಹಿಂದಿರುಗಬೇಕು ಎಂಬ ತೀರ್ಮಾನ ಮಾತ್ರ ನಮ್ಮ ದೇಹದ ಮಾತನ್ನು ಕೇಳಿ ಆಗಲಿ.