ಸಸಿ ನೆಟ್ಟು ದಿನಾ ಬೇರು ಕಿತ್ತು ನೋಡುವವರು!

ಅಂಗಡಿ ಇಟ್ಟವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮೊದಲ ವರ್ಷ ಬಾಡಿಗೆ ಕೈಯಿಂದ ಹೋಗುತ್ತೆ. ಎರಡನೇ ವರ್ಷ ಗಿರಾಕಿ ಗುರುತು ಹಿಡಿಯುತ್ತಾನೆ. ಮೂರನೇ ವರ್ಷಕ್ಕೆ ಗಲ್ಲಾಪೆಟ್ಟಿಗೆಯಲ್ಲಿ ನಾಲ್ಕು ಕಾಸು ಉಳಿಯುತ್ತೆ. ಆರು ತಿಂಗಳಿಗೊಮ್ಮೆ ಬೋರ್ಡು ಬದಲಾಯಿಸಿ, ಇವತ್ತು ಕಿರಾಣಿ, ನಾಳೆ ಜವಳಿ ಎಂದು ಹೊರಟವನ ಗತಿ ಏನಾಗುತ್ತೆ ಅಂತ ಪಕ್ಕದ ಅಂಗಡಿಯವನೇ ಹೇಳುತ್ತಾನೆ. ಇಷ್ಟು ಸರಳ ವ್ಯಾಪಾರ ಸೂತ್ರ ದಿಲ್ಲಿಯಲ್ಲಿರುವ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೆ ಮಾತ್ರ ಅರ್ಥವಾಗಿಲ್ಲ ಎಂಬುದೇ ನಮ್ಮ ಫುಟ್‌ಬಾಲ್ ಅಭಿಮಾನಿಗಳ ಗೋಳು.

ಹಿಂದಿನದನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. 2023ರ ಜನವರಿಯಲ್ಲಿ ಫೆಡರೇಷನ್ ಒಂದು ದೊಡ್ಡ ಯೋಜನೆ ಪ್ರಕಟಿಸಿತು. ಹೆಸರು ‘ವಿಷನ್ 2047’. ಸ್ವಾತಂತ್ರ್ಯಕ್ಕೆ ನೂರು ವರ್ಷ ತುಂಬುವ ಹೊತ್ತಿಗೆ ಭಾರತ ಏಷ್ಯಾದ ಮೊದಲ ನಾಲ್ಕು ತಂಡಗಳಲ್ಲಿ ಒಂದಾಗಬೇಕು, ಅದಕ್ಕೆ ಹಳ್ಳಿಯ ಮಕ್ಕಳಿಂದಲೇ ಕೆಲಸ ಶುರುವಾಗಬೇಕು ಎಂಬ ಲೆಕ್ಕ. ಕೇಳಿದವರು ತಲೆದೂಗಿದರು. ಆರೇ ತಿಂಗಳಲ್ಲಿ, ಜುಲೈ 4ರಂದು, ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲೇ ಭಾರತ ಕುವೈತನ್ನು ಪೆನಾಲ್ಟಿಯಲ್ಲಿ ಸೋಲಿಸಿ ಸ್ಯಾಫ್ ಕಪ್ ಎತ್ತಿತು. ಗೋಲ್‌ಕೀಪರ್ ಗುರ್‌ಪ್ರೀತ್ ಕೊನೆಯ ಪೆನಾಲ್ಟಿ ತಡೆದಾಗ ಗ್ಯಾಲರಿಯೇ ಕುಣಿಯಿತು. ಅದೇ ತಿಂಗಳು ಫಿಫಾ ಪಟ್ಟಿಯಲ್ಲಿ ಭಾರತಕ್ಕೆ 99ನೇ ಸ್ಥಾನ.

2025ರ ನವೆಂಬರ್ ಹೊತ್ತಿಗೆ ಅದೇ ಪಟ್ಟಿಯಲ್ಲಿ ನಮ್ಮ ನಂಬರು 142! ಎರಡೂಕಾಲು ವರ್ಷದಲ್ಲಿ ಇಷ್ಟು ಇಳಿಜಾರೇ? ಅಂಥದ್ದು ಏನಾಯ್ತು ಸ್ವಾಮಿ?

ಕೊಟ್ಟ ಮಾತು, ತೆತ್ತ ದಂಡ

2023ರ ಅಕ್ಟೋಬರಿನಲ್ಲಿ ತರಬೇತುದಾರ ಇಗೊರ್ ಸ್ಟಿಮಾಕ್ ಅವರ ಕರಾರನ್ನು 2026ರವರೆಗೆ ವಿಸ್ತರಿಸಿದರು. ಹೊಸ ಹುಡುಗರನ್ನು ಕಟ್ಟಲು ಸಮಯ ಬೇಕು ಎಂಬ ಕಾರಣ ಒಪ್ಪುವಂಥದ್ದೇ. ಆದರೆ 2024ರ ಜನವರಿಯಲ್ಲಿ ಕತಾರ್‌ನ ಏಷ್ಯನ್ ಕಪ್‌ನಲ್ಲಿ ಮೂರಕ್ಕೆ ಮೂರೂ ಸೋಲು, ಒಂದು ಗೋಲೂ ಇಲ್ಲ. ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಘಾನಿಸ್ತಾನದ ಎದುರೂ ಸೋಲು. ಜೂನ್ 17ಕ್ಕೆ ಸ್ಟಿಮಾಕ್ ಮನೆಗೆ. ಕರಾರು ಮುರಿದದ್ದಕ್ಕೆ ಫೆಡರೇಷನ್ ತೆತ್ತ ಪರಿಹಾರ 4 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ 3 ಕೋಟಿ ರೂಪಾಯಿಗೂ ಮಿಕ್ಕಿ. ಆ ದುಡ್ಡಿನಲ್ಲಿ ಎಷ್ಟು ತಾಲ್ಲೂಕು ಮೈದಾನಗಳಿಗೆ ಗೋಲ್‌ಕಂಬ ನೆಡಬಹುದಿತ್ತು ಎಂದು ನೀವೇ ಲೆಕ್ಕ ಹಾಕಿ.

ಸೋತ ತರಬೇತುದಾರನನ್ನು ತೆಗೆದದ್ದು ತಪ್ಪೆಂದು ಯಾರೂ ಹೇಳುತ್ತಿಲ್ಲ. ಅಭಿಮಾನಿಗಳ ತಕರಾರು ಬೇರೆ. ಮುಂದೆ ಬಂದ ಮನೊಲೊ ಮಾರ್ಕ್ವೆಝ್ ಅವರಿಗೆ ಎರಡು ದೋಣಿಯಲ್ಲಿ ಕಾಲು. ಒಂದು ಕಡೆ ಎಫ್‌ಸಿ ಗೋವಾ, ಇನ್ನೊಂದು ಕಡೆ ದೇಶದ ತಂಡ. ದೇಶದ ತಂಡ ಕಟ್ಟುವುದು ಅರ್ಧ ದಿನದ ನೌಕರಿಯೇ? 2024 ಇಡೀ ವರ್ಷ ಭಾರತ ಒಂದೇ ಒಂದು ಪಂದ್ಯ ಗೆಲ್ಲಲಿಲ್ಲ.

ಕೊನೆಗೆ ಹಳೇ ಗಂಡನ ಪಾದವೇ ಗತಿ

2024ರ ಜೂನ್ 6ರಂದು ಕೋಲ್ಕತಾದಲ್ಲಿ ಸುನಿಲ್ ಚೆಟ್ರಿ ಕಣ್ಣೀರಿನೊಂದಿಗೆ ವಿದಾಯ ಹೇಳಿದರು. ಆಗ 94 ಗೋಲು. ಇನ್ನು ಹುಡುಗರ ಕಾಲ ಎಂದರು ಎಲ್ಲರೂ. ಒಂಬತ್ತೇ ತಿಂಗಳಲ್ಲಿ, 2025ರ ಮಾರ್ಚ್‌ನಲ್ಲಿ, 40ರ ಚೆಟ್ರಿಯನ್ನೇ ಮತ್ತೆ ಕರೆತಂದರು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 3-0 ಗೆಲುವು, ಚೆಟ್ರಿಯದ್ದೂ ಒಂದು ಗೋಲು. ಚಪ್ಪಾಳೆ ಬಿತ್ತು. ಆರು ದಿನ ಕಳೆದು ಅಲ್ಲೇ ಬಾಂಗ್ಲಾದೇಶದ ಎದುರು ಗೋಲಿಲ್ಲದ ಡ್ರಾ. ಜೂನ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ 0-1 ಸೋಲು. ಜುಲೈನಲ್ಲಿ ಮಾರ್ಕ್ವೆಝ್ ಕೂಡ ಹೊರಟರು.

ಚೆಟ್ರಿಯನ್ನು ದೂರುವಂತಿಲ್ಲ. ಬೆಂಗಳೂರು ಎಫ್‌ಸಿಗೆ ಆಡುತ್ತಾ 2024-25ರ ಐಎಸ್‌ಎಲ್‌ನಲ್ಲಿ 14 ಗೋಲು ಹೊಡೆದು, ಭಾರತೀಯ ಆಟಗಾರರಲ್ಲೆಲ್ಲ ಮುಂದಿದ್ದವರು ಅವರೇ. ನಾಚಿಕೆ ಆಗಬೇಕಾದ್ದು ಅವರಿಗಲ್ಲ, ಇಪ್ಪತ್ತರ ಹುಡುಗನನ್ನು ಬೆಳೆಸದ ವ್ಯವಸ್ಥೆಗೆ. ಕ್ಲಬ್ಬುಗಳು ಗೋಲು ಹೊಡೆಯುವ ಜಾಗಕ್ಕೆ ವಿದೇಶಿ ಆಟಗಾರರನ್ನೇ ನಿಲ್ಲಿಸುತ್ತವೆ. ನಮ್ಮ ಹುಡುಗ ಬೆಂಚಿನ ಮೇಲೆ ಕೂತು ಆಟ ಕಲಿಯಬೇಕೇ?

ಇನ್ನೊಂದು ಸ್ವಾರಸ್ಯ ಕೇಳಿ. 2025ರ ಆಗಸ್ಟ್‌ನಲ್ಲಿ ಬಂದ ಖಾಲಿದ್ ಜಮೀಲ್ ಚೆಟ್ರಿಯನ್ನು ಬಿಟ್ಟು ತಜಿಕಿಸ್ತಾನಕ್ಕೆ ತಂಡ ಒಯ್ದರು. ಒಮಾನ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮೂರನೇ ಸ್ಥಾನ ತಂದರು. ಅಪ್ಪಾ, ದಾರಿ ಸಿಕ್ಕಿತು ಎನ್ನುವಷ್ಟರಲ್ಲಿ ಸಿಂಗಪುರದ ಪಂದ್ಯಗಳಿಗೆ ಮತ್ತೆ ಚೆಟ್ರಿಗೇ ಬುಲಾವ್! ಅಲ್ಲಿ 1-1. ಅಕ್ಟೋಬರ್ 14ರಂದು ಗೋವಾದ ಮಡಗಾಂವ್‌ನಲ್ಲಿ ಮೊದಲು ಗೋಲು ಹೊಡೆದೂ 1-2 ಸೋಲು. ಸೌದಿಯ 2027ರ ಏಷ್ಯನ್ ಕಪ್ ಬಾಗಿಲು ಅಲ್ಲಿಗೆ ಮುಚ್ಚಿತು. ನವೆಂಬರ್‌ನಲ್ಲಿ ಢಾಕಾದಲ್ಲೂ ಸೋಲು. ಬಾಂಗ್ಲಾ ನಮ್ಮನ್ನು ಸೋಲಿಸಿದ್ದು 22 ವರ್ಷಗಳ ಮೇಲೆ.

ಏಷ್ಯನ್ ಕಪ್ ನಾಲ್ಕು ವರ್ಷಕ್ಕೊಮ್ಮೆ. ಅಂದರೆ ಮುಂದಿನ ಅವಕಾಶ 2031ಕ್ಕೆ. ಇವತ್ತು ಇಪ್ಪತ್ತರ ಹುಡುಗ ಆಗ ಇಪ್ಪತ್ತೈದು ದಾಟಿರುತ್ತಾನೆ. ನಷ್ಟ ಅವನದು, ಕಡತ ಹಿಡಿದು ಕೂತವರದ್ದಲ್ಲ.

ತಾಳಿದವನು ಬಾಳಿಯಾನು

ಇದು ನಮ್ಮಿಂದ ಆಗದ ಕೆಲಸವೇನಲ್ಲ. ಹೈದರಾಬಾದಿನ ಎಸ್.ಎ. ರಹೀಮ್ 1950ರಿಂದ 1963ರಲ್ಲಿ ತೀರಿಕೊಳ್ಳುವವರೆಗೆ ತರಬೇತುದಾರರಾಗಿದ್ದರು. 1951ರ ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, ಎಲ್ಲಾ ಅವರ ಕಾಲದ್ದು. 1951ರ ಚಿನ್ನದ ತಂಡದಲ್ಲಿ ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಅದಕ್ಕೂ ಮುಂಚೆ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ರಾಮನ್ ಕೂಡ ಬೆಂಗಳೂರಿನವರೇ.

ಹೊರಗಿನ ಉದಾಹರಣೆ ಬೇಕೇ? ಉಜ್ಬೇಕಿಸ್ತಾನ ನೋಡಿ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಹುಟ್ಟಿದ ದೇಶ. ಚಿಕ್ಕ ಹುಡುಗರ ತಂಡಗಳನ್ನು ಬಿಡದೆ ಕಟ್ಟಿತು. 2023ರಲ್ಲಿ 20 ವರ್ಷದೊಳಗಿನವರ ಏಷ್ಯನ್ ಕಪ್ ಗೆದ್ದಿತು. 2025ರ ಜೂನ್‌ನಲ್ಲಿ ಮೊದಲ ಬಾರಿಗೆ ವಿಶ್ವಕಪ್‌ಗೆ ಅರ್ಹತೆ ಪಡೆಯಿತು.

ನಮ್ಮ ರಾಜ್ಯವೂ ಕಾದು ಉಂಡಿದೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ತಂದಿತಲ್ಲ, ಅದು 54 ವರ್ಷಗಳ ಮೇಲೆ ಬಂದ ಭಾಗ್ಯ.

ಆದ್ದರಿಂದ ಅಭಿಮಾನಿ ನಾಳೆಯೇ ಕಪ್ ಕೇಳುತ್ತಿಲ್ಲ. ಸೋಲು ಅವನಿಗೆ ಹೊಸದೂ ಅಲ್ಲ. ಬಸ್ಸಿನ ಚಾರ್ಜು ಕೊಟ್ಟು, ಟಿಕೆಟ್ಟಿಗೆ ದುಡ್ಡು ಕೊಟ್ಟು, ಗಂಟಲು ಹರಿಯುವಂತೆ ಕೂಗಿ ಮನೆಗೆ ಹೋಗುವವನು ಅವನು. ಅವನು ಕೇಳುವುದು ಇಷ್ಟೇ: ಯಾರನ್ನು ಬೆಳೆಸುತ್ತೀರಿ, ಎಷ್ಟು ವರ್ಷ ಕಾಯಬೇಕು, ಮೊದಲೇ ಹೇಳಿ. ಹೇಳಿದ ಮೇಲೆ ಎರಡು ಪಂದ್ಯ ಸೋತರೆ ಮಾತು ಬದಲಿಸಬೇಡಿ. ಗಿಡ ನೆಟ್ಟವರು ನೀರು ಹಾಕಲಿ. ಹಣ್ಣಿಗೆ ಕಾಯುವುದು ಅಭಿಮಾನಿಗೆ ಚೆನ್ನಾಗಿಯೇ ಗೊತ್ತು.