ಇಂಜಿನಿಯರಿಂಗ್ ಪದವಿಯಲ್ಲಿ ಇಂಟರ್ನ್‌ಶಿಪ್: ವಿದ್ಯಾರ್ಥಿಗಳ ಹಾಗೂ ಪೋಷಕರ ಮಾಹಿತಿಗಾಗಿ

ಇಂಜಿನಿಯರಿಂಗ್ ಹಾಗೂ ಗಣಕ ವಿಜ್ಞಾನದ ಪದವಿ ವ್ಯಾಸಂಗದ ಅವಧಿಯಲ್ಲಿ ವಿದ್ಯಾರ್ಥಿಯು ಕಾಲೇಜಿನ ಹೊರಗೆ, ಕಾರ್ಖಾನೆಯಲ್ಲಾಗಲಿ, ತಂತ್ರಾಂಶ ಸಂಸ್ಥೆಯಲ್ಲಾಗಲಿ, ಸಂಶೋಧನಾಲಯದಲ್ಲಾಗಲಿ ನಿಗದಿತ ಕಾಲ ಕೆಲಸ ಮಾಡಿ ಕಲಿಯುವುದನ್ನು ಇಂಟರ್ನ್‌ಶಿಪ್ ಎಂದು ಕರೆಯಲಾಗುತ್ತದೆ. ಒಂದು ಕಾಲದಲ್ಲಿ ರಜಾ ದಿನಗಳಲ್ಲಿ ಮುಗಿಸಿ ಪ್ರಮಾಣಪತ್ರ ತಂದೊಪ್ಪಿಸಿದರೆ ಸಾಕೆಂಬಂತಿದ್ದ ಈ ತರಬೇತಿಯು ಈಗ ಪದವಿಯ ಮುಖ್ಯ ಅಂಗವಾಗಿದೆ.

1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಯೋಜನೆಯಲ್ಲಿ ಇಂಟರ್ನ್‌ಶಿಪ್‌ಗೆ 3 ಕ್ರೆಡಿಟ್‌ಗಳನ್ನು ನೀಡಲಾಗಿತ್ತು. 2022ರ ಪಠ್ಯಯೋಜನೆಯಲ್ಲಿ ಪದವಿಯ ಒಟ್ಟು 160 ಕ್ರೆಡಿಟ್‌ಗಳ ಪೈಕಿ 10 ಕ್ರೆಡಿಟ್‌ಗಳನ್ನು ಇದಕ್ಕೆ ಮೀಸಲಿಟ್ಟು, 14ರಿಂದ 20 ವಾರಗಳ ಅವಧಿಯನ್ನು ಗೊತ್ತುಪಡಿಸಲಾಗಿದೆ. ಸಾಮಾನ್ಯ ವಿಷಯವೊಂದಕ್ಕೆ 3 ಅಥವಾ 4 ಕ್ರೆಡಿಟ್‌ಗಳಿರುವುದರಿಂದ, ಮೂರು ವಿಷಯಗಳ ತೂಕ ಈ ಒಂದು ತರಬೇತಿಗೆ ಬಂದಂತಾಗಿದೆ. ಅನುಕೂಲಕ್ಕಾಗಿ 7 ಮತ್ತು 8ನೇ ಸೆಮಿಸ್ಟರ್‌ಗಳನ್ನು ಅದಲುಬದಲು ಮಾಡಿಕೊಳ್ಳಲು ಕಾಲೇಜುಗಳಿಗೆ ಅವಕಾಶವಿದೆ. ಸ್ವಾಯತ್ತ ಕಾಲೇಜುಗಳಲ್ಲಿ ಹಾಗೂ ಇತರ ವಿಶ್ವವಿದ್ಯಾಲಯಗಳಲ್ಲಿ ಈ ಪ್ರಮಾಣ ಬೇರೆ ಇರಬಹುದಾದ್ದರಿಂದ, ತಾವು ಪ್ರವೇಶ ಪಡೆದ ವರ್ಷದ ಪಠ್ಯಯೋಜನೆಯನ್ನೇ ನೋಡಿಕೊಳ್ಳತಕ್ಕದ್ದು.

ಪದ್ಧತಿಯ ಹಿನ್ನೆಲೆ

ತರಗತಿಯ ಪಾಠಕ್ಕೂ ಕಾರ್ಖಾನೆಯ ಕೆಲಸಕ್ಕೂ ಸರದಿ ಏರ್ಪಡಿಸುವ ಕ್ರಮವನ್ನು ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಅವರು 1906ರಲ್ಲಿ ಆರಂಭಿಸಿದರು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯವು 1957ರಲ್ಲಿ ತನ್ನ ಇಂಜಿನಿಯರಿಂಗ್ ಶಿಕ್ಷಣವನ್ನು ಇದೇ ತಳಹದಿಯ ಮೇಲೆ ಪ್ರಾರಂಭಿಸಿತು. ನಮ್ಮ ದೇಶದಲ್ಲಿ ಪಿಲಾನಿಯ ಬಿರ್ಲಾ ತಾಂತ್ರಿಕ ಮತ್ತು ವಿಜ್ಞಾನ ಸಂಸ್ಥೆಯು 1973ರಲ್ಲಿ ಜಾರಿಗೆ ತಂದ 'ಪ್ರಾಕ್ಟೀಸ್ ಸ್ಕೂಲ್' ಪ್ರಸಿದ್ಧವಾದುದು. ಎರಡನೇ ವರ್ಷದ ನಂತರ ಸುಮಾರು ಎರಡು ತಿಂಗಳು, ಅಂತಿಮ ವರ್ಷದಲ್ಲಿ ಐದೂವರೆ ತಿಂಗಳು ವಿದ್ಯಾರ್ಥಿಯು ಉದ್ಯಮದಲ್ಲಿರುವುದು ಅದರ ಕ್ರಮ. ಕರ್ನಾಟಕದ ಮಟ್ಟಿಗೆ ಇದು ತೀರಾ ಹೊಸತೇನೂ ಅಲ್ಲ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷಗಳ ಕಲಿಕೆಯ ನಂತರ ಒಂದು ವರ್ಷ ಕೈಗಾರಿಕೆಯಲ್ಲಿ ಕಳೆಯುವ ಪದ್ಧತಿ ಬಹುಕಾಲದಿಂದ ನಡೆದು ಬಂದಿದೆ. ಪದವಿ ಶಿಕ್ಷಣವು ಈ ವಿಷಯದಲ್ಲಿ ಡಿಪ್ಲೊಮಾ ಶಿಕ್ಷಣವನ್ನು ತಡವಾಗಿ ಹಿಂಬಾಲಿಸಿದೆ ಎಂದರೆ ತಪ್ಪಾಗಲಾರದು.

ದೀರ್ಘ ಅವಧಿ ಏಕೆ?

ಮೊದಲ ಎರಡು ಮೂರು ವಾರಗಳು ಸುರಕ್ಷತಾ ನಿಯಮ, ನಕಾಶೆ ಓದುವುದು, ಯಂತ್ರಗಳ ಪರಿಚಯ ಇಷ್ಟರಲ್ಲೇ ಕಳೆದುಹೋಗುತ್ತವೆ. ಜವಾಬ್ದಾರಿಯ ಕೆಲಸವನ್ನು ಯಾವ ಮೇಲ್ವಿಚಾರಕರೂ ಮೊದಲ ದಿನವೇ ವಹಿಸುವುದಿಲ್ಲ. ಆದ್ದರಿಂದ ನಾಲ್ಕು ವಾರಗಳ ತರಬೇತಿಯು ಬಹುಮಟ್ಟಿಗೆ ನೋಡಿ ಬರುವುದಾಗುತ್ತದೆಯೇ ಹೊರತು ಮಾಡಿ ಕಲಿಯುವುದಾಗುವುದಿಲ್ಲ.

ಗಣಕ ವಿಜ್ಞಾನದ ವಿದ್ಯಾರ್ಥಿಗೆ ಈ ಅಂತರ ಇನ್ನೂ ಸ್ಪಷ್ಟವಾಗಿ ತೋರುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿ ತಾನೇ ಬರೆದ ಪ್ರೋಗ್ರಾಂ ಪರೀಕ್ಷಕರ ಮುಂದೆ ಒಮ್ಮೆ ನಡೆದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಸಂಸ್ಥೆಯಲ್ಲಾದರೋ ಬೇರೆ ಯಾರೋ ವರ್ಷಗಳ ಹಿಂದೆ ಬರೆದ ಸಾವಿರಾರು ಸಾಲುಗಳನ್ನು ಮೊದಲು ಓದಿ ಅರ್ಥ ಮಾಡಿಕೊಳ್ಳಬೇಕು. ಅದರಲ್ಲಿ ಎರಡು ಸಾಲು ತಿದ್ದಿದರೂ ಮತ್ತೊಬ್ಬರು ಅದನ್ನು ಪರಿಶೀಲಿಸಿ ಒಪ್ಪಬೇಕು. ಆ ತಿದ್ದುಪಡಿಯಿಂದ ಬೇರೆಲ್ಲೂ ತೊಂದರೆಯಾಗದೆಂದು ಪರೀಕ್ಷಿಸಬೇಕು. ಈ ಶಿಸ್ತನ್ನು ಪ್ರಶ್ನೆಪತ್ರಿಕೆಯ ಮೂಲಕ ಕಲಿಸುವುದು ಕಷ್ಟ.

ಹಣ ಕೇಳುವ ಸಂಸ್ಥೆಗಳ ಬಗ್ಗೆ ಎಚ್ಚರಿಕೆ

ಪೋಷಕರು ವಿಶೇಷವಾಗಿ ಗಮನಿಸಬೇಕಾದ ಅಂಶವಿದು. ಇಂಟರ್ನ್‌ಶಿಪ್ ಕಡ್ಡಾಯವಾದಂತೆ, ವಿದ್ಯಾರ್ಥಿಯಿಂದಲೇ ಶುಲ್ಕ ಪಡೆದು ಇಂಟರ್ನ್‌ಶಿಪ್ ಪ್ರಮಾಣಪತ್ರ ನೀಡುವ ಸಂಸ್ಥೆಗಳೂ ಹುಟ್ಟಿಕೊಂಡಿವೆ. ಧ್ವನಿಮುದ್ರಿತ ಪಾಠಗಳನ್ನು ತೋರಿಸಿ, ಒಂದೇ ಪ್ರಾಜೆಕ್ಟನ್ನು ಎಲ್ಲರಿಗೂ ಹಂಚುವುದು ತರಬೇತಿ ತರಗತಿಯಾದೀತು, ಇಂಟರ್ನ್‌ಶಿಪ್ ಆಗದು. ಅಂಥ ತರಗತಿಯಿಂದ ಪ್ರಯೋಜನವೇ ಇಲ್ಲವೆಂದಲ್ಲ. ಆದರೆ ಅದಕ್ಕೆ ಸಲ್ಲದ ಹೆಸರಿನಲ್ಲಿ ಹಣ ತೆರುವುದು ಸರಿಯಲ್ಲ. ನಷ್ಟವು ಶುಲ್ಕಕ್ಕೆ ಮಾತ್ರ ಸೀಮಿತವೂ ಅಲ್ಲ. ಮುಂದೆ ಉದ್ಯೋಗದ ಸಂದರ್ಶನದಲ್ಲಿ 'ಆ ನಾಲ್ಕು ತಿಂಗಳು ನೀವು ಮಾಡಿದ ಕೆಲಸವೇನು?' ಎಂಬ ಪ್ರಶ್ನೆ ಬಂದಾಗ, ಪ್ರಮಾಣಪತ್ರ ಉತ್ತರ ಹೇಳುವುದಿಲ್ಲ.

ಸಂಸ್ಥೆಗೆ ತನ್ನದೇ ಆದ ಉತ್ಪನ್ನವೋ ಗ್ರಾಹಕರೋ ಇದ್ದಾರೆಯೇ, ವಿದ್ಯಾರ್ಥಿಯ ಕೆಲಸ ನೋಡಿಕೊಳ್ಳುವ ಇಂಜಿನಿಯರ್ ಯಾರು, ಕೆಲಸ ಮಾಡುವ ಸ್ಥಳ ಯಾವುದು ಎಂಬ ಮೂರು ಪ್ರಶ್ನೆಗಳಿಗೆ ನೇರ ಉತ್ತರ ಸಿಗದಿದ್ದಲ್ಲಿ ಹಿಂದೆ ಸರಿಯುವುದು ಒಳಿತು. ಮೂಲ ಅಂಕಪಟ್ಟಿಗಳನ್ನು ಯಾವ ಕಾರಣಕ್ಕೂ ಒತ್ತೆ ಇಡಬಾರದು.

ಬೆಂಗಳೂರೊಂದೇ ದಾರಿಯಲ್ಲ

ಕೊಪ್ಪಳ, ಬೀದರ್, ಚಾಮರಾಜನಗರದಂತಹ ಜಿಲ್ಲೆಗಳ ವಿದ್ಯಾರ್ಥಿಯು ಶಿಷ್ಯವೇತನವಿಲ್ಲದ ತರಬೇತಿಗಾಗಿ ನಾಲ್ಕು ತಿಂಗಳು ರಾಜಧಾನಿಯಲ್ಲಿ ಬಾಡಿಗೆ ಮತ್ತು ಊಟದ ಖರ್ಚು ಭರಿಸುವುದು ಅನೇಕ ಕುಟುಂಬಗಳಿಗೆ ಹೊರೆಯೇ ಸರಿ. ತಂತ್ರಾಂಶ ಉದ್ಯಮವು ಬೆಂಗಳೂರಿನಲ್ಲಿ ಕೇಂದ್ರೀಕೃತವಾಗಿರುವುದು ನಿಜವಾದರೂ, ಇತರ ವಿಭಾಗಗಳಿಗೆ ಸಮೀಪದಲ್ಲೇ ಅವಕಾಶಗಳಿವೆ. ಬೆಳಗಾವಿ ಮತ್ತು ಶಿವಮೊಗ್ಗದ ಫೌಂಡ್ರಿಗಳು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ, ಮಂಗಳೂರಿನ ತೈಲ ಶುದ್ಧೀಕರಣ ಘಟಕ, ಆಯಾ ವಿಭಾಗದ ವಿದ್ಯುತ್ ಸರಬರಾಜು ಕಂಪನಿಗಳನ್ನು ಉದಾಹರಣೆಯಾಗಿ ಹೇಳಬಹುದು. ಅವಕಾಶ ನೀಡುವುದು ಆಯಾ ಸಂಸ್ಥೆಯ ವಿವೇಚನೆಗೆ ಬಿಟ್ಟದ್ದಾದ್ದರಿಂದ ಪ್ರಾಂಶುಪಾಲರ ಪತ್ರದೊಂದಿಗೆ ಸಾಕಷ್ಟು ಮುಂಚಿತವಾಗಿ ಮನವಿ ಸಲ್ಲಿಸಬೇಕು. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಹೋಗಿ ಉಪಯೋಗವೇನೆಂದು ಕೆಲವರು ಕೇಳುವುದುಂಟು. ವಾಸ್ತವವಾಗಿ ಮೆಕ್ಯಾನಿಕಲ್ ವಿಭಾಗದವರಿಗೆ ಅದೇ ಒಳ್ಳೆಯ ಕಾಲ: ಗಾಣ, ಟರ್ಬೈನು, ಪಂಪುಗಳನ್ನು ಬಿಚ್ಚಿ ದುರಸ್ತಿ ಮಾಡುವುದನ್ನು ಆಗ ಮಾತ್ರ ಹತ್ತಿರದಿಂದ ನೋಡಲು ಸಾಧ್ಯ.

ಇಂಟರ್ನ್‌ಶಿಪ್ ಬೇರೆ, ಅಪ್ರೆಂಟಿಸ್ ತರಬೇತಿ ಬೇರೆ

ಇವೆರಡನ್ನೂ ಒಂದೇ ಎಂದು ಭಾವಿಸುವವರು ಹೆಚ್ಚು. ಅಪ್ರೆಂಟಿಸ್ ತರಬೇತಿಯು 1961ರ ಅಪ್ರೆಂಟಿಸ್ ಅಧಿನಿಯಮದ ವ್ಯಾಪ್ತಿಗೆ ಬರುತ್ತದೆ. 1973ರ ತಿದ್ದುಪಡಿಯ ಮೂಲಕ ಇಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾ ಪಡೆದವರನ್ನೂ ಅದರ ವ್ಯಾಪ್ತಿಗೆ ತರಲಾಯಿತು. ದಕ್ಷಿಣ ರಾಜ್ಯಗಳಿಗೆ ಸಂಬಂಧಿಸಿದ ತರಬೇತಿ ಮಂಡಳಿಯು ಚೆನ್ನೈನಲ್ಲಿದೆ. ಸಾಮಾನ್ಯವಾಗಿ ಪದವಿಯ ನಂತರ ಒಂದು ವರ್ಷ ನಡೆಯುವ ಈ ತರಬೇತಿಗೆ ಲಿಖಿತ ಕರಾರು ಕಡ್ಡಾಯ, ಶಿಷ್ಯವೇತನವೂ ಕಡ್ಡಾಯ. 2019ರ ತಿದ್ದುಪಡಿಯಲ್ಲಿ ಪದವೀಧರರಿಗೆ ಮಾಸಿಕ ಕನಿಷ್ಠ ರೂ. 9,000 ನಿಗದಿಯಾಗಿತ್ತು, ಅರ್ಜಿ ಸಲ್ಲಿಸುವ ವೇಳೆಗೆ ಜಾರಿಯಲ್ಲಿರುವ ದರವನ್ನು ಮಂಡಳಿಯಿಂದ ತಿಳಿದುಕೊಳ್ಳುವುದು. ಕೆಲಸದ ವೇಳೆ ಅಪಘಾತವಾದರೆ ಪರಿಹಾರದ ಹೊಣೆಯನ್ನೂ ಅಧಿನಿಯಮವು ಉದ್ಯೋಗದಾತರ ಮೇಲೆ ಹೊರಿಸಿದೆ.

ಇಂಟರ್ನ್‌ಶಿಪ್ ವಿದ್ಯಾರ್ಥಿಗೆ ಈ ಅಧಿನಿಯಮದ ರಕ್ಷಣೆ ತಾನಾಗಿಯೇ ದೊರೆಯುವುದಿಲ್ಲ. ಕುಲುಮೆ, ಅಧಿಕ ಒತ್ತಡದ ವಿದ್ಯುತ್ ಮಾರ್ಗ, ಕಟ್ಟಡ ಕಾಮಗಾರಿಗಳ ಬಳಿ ಕೆಲಸ ಮಾಡುವವರು ಅಪಘಾತ ವಿಮೆ ಇದೆಯೇ, ಅದು ಕಾಲೇಜಿನದೋ ಸಂಸ್ಥೆಯದೋ ಎಂಬುದನ್ನು ಸೇರುವ ಮುನ್ನವೇ ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು.

ಸೇರುವಾಗ ಮತ್ತು ನಂತರ

ಸಂಸ್ಥೆಯ ಒಪ್ಪಿಗೆ ಪತ್ರದಲ್ಲಿ ಆರಂಭ ಮತ್ತು ಮುಕ್ತಾಯದ ದಿನಾಂಕ, ಸ್ಥಳ, ಮೇಲ್ವಿಚಾರಕರ ಹೆಸರು, ಶಿಷ್ಯವೇತನ ಇದೆಯೋ ಇಲ್ಲವೋ ಎಂಬ ವಿವರಗಳಿರಲಿ. ದಿನಚರಿಯನ್ನು ಅಂದಂದೇ ಬರೆದು ವಾರಕ್ಕೊಮ್ಮೆ ಸಹಿ ಪಡೆಯಬೇಕು. ಕೊನೆಯ ವಾರದಲ್ಲಿ ಕುಳಿತು ಬರೆದ ದಿನಚರಿಯು ಪರೀಕ್ಷಕರಿಗೆ ಸುಲಭವಾಗಿ ಗೊತ್ತಾಗುತ್ತದೆ. ಗೋಪ್ಯತೆಯ ಕರಾರಿಗೆ ಸಹಿ ಮಾಡಿದ್ದಲ್ಲಿ, ವರದಿಯನ್ನು ಕಾಲೇಜಿಗೆ ಸಲ್ಲಿಸುವ ಮುನ್ನ ಸಂಸ್ಥೆಗೆ ತೋರಿಸಿ ಒಪ್ಪಿಗೆ ಪಡೆಯತಕ್ಕದ್ದು. ಸಂಸ್ಥೆಯು ಮಧ್ಯದಲ್ಲಿ ತರಬೇತಿ ನಿಲ್ಲಿಸಿದರೆ ಅವಧಿ ಮುಗಿಯುವವರೆಗೆ ಕಾಯದೆ ಕೂಡಲೇ ವಿಭಾಗದ ಮುಖ್ಯಸ್ಥರಿಗೆ ಲಿಖಿತವಾಗಿ ತಿಳಿಸಬೇಕು. ಉಳಿದ ವಾರಗಳನ್ನು ಬೇರೆಡೆ ಪೂರೈಸುವ ವ್ಯವಸ್ಥೆಯ ಬಗ್ಗೆ ಅವರು ಆಲೋಚಿಸಲು ಆಗ ಸಮಯವಿರುತ್ತದೆ.